ಕೊಪ್ಪರಿಗೆಯ ಇನ್ನೊಂದು ಹಿಡಿ

ಹೊಳೆದಂಡೆಯ ಮಠವೊಂದರಲ್ಲಿ ಚೆನ್ನವೀರಜ್ಜ ಎಂಬ ಅಡುಗೆಯವನಿದ್ದ. ಪಾಠ ಹೇಳುವ ಸ್ವಾಮಿಗಳು ಬೇರೆ ಇದ್ದರೂ, ಅಡುಗೆಮನೆಯಲ್ಲಿ ಅವನ ಕೈಕೆಳಗಿದ್ದ ಹುಡುಗ ಅಡಿವೆಪ್ಪನಿಗೆ ಅವನೇ ಗುರು.

ಅನ್ನ ಬೆಂದ ಮೇಲೆ ದೊಡ್ಡ ಕೊಪ್ಪರಿಗೆಯ ಒಂದು ಬದಿಯ ಹಿಡಿ ಅಜ್ಜನ ಕೈಗೆ, ಇನ್ನೊಂದು ಬದಿಯದು ಅಡಿವೆಪ್ಪನ ಕೈಗೆ. ಇಬ್ಬರೂ ಒಟ್ಟಿಗೆ ಬಾಗಿಸಿ ಗಂಜಿ ಬಸಿಯುತ್ತಿದ್ದರು. ಒಂದು ದಿನ ಅಡಿವೆಪ್ಪನ ಕಾಲು ಜಾರಿತು. ಕುದಿಯುವ ಗಂಜಿ ಬಲಗೈಯನ್ನು ಮೊಣಕೈವರೆಗೆ ಸುಟ್ಟಿತು.

ತಿಂಗಳಲ್ಲಿ ಗಾಯ ಮಾಯಿತು. ವೈದ್ಯರು ಮುಲಾಮು ನಿಲ್ಲಿಸಿದರು. ಕೈಗೆ ಸುತ್ತಿದ ಬಟ್ಟೆಯನ್ನು ಮಾತ್ರ ಅಡಿವೆಪ್ಪ ಬಿಚ್ಚಲಿಲ್ಲ. ಇನ್ನೂ ಒಂದು ತಿಂಗಳು ಅಂಗಳದಲ್ಲಿ ಕೂತು ಎಡಗೈಯಲ್ಲಿ ಕಡಲೆ ಆರಿಸಿದ.

ಒಳಗೆ ದಿನಾ ಊಟ ತಡವಾಗುತ್ತಿತ್ತು. ಮುದುಕನಿಗೆ ಕೈ ಸಾಗುವುದಿಲ್ಲವೆಂದು ಪಂಕ್ತಿಯಲ್ಲಿ ಕೂತವರು ಗೊಣಗಿದರು.

ಒಂದು ಬೆಳಿಗ್ಗೆ ಅಜ್ಜ ಬಂದು ಅಡಿವೆಪ್ಪನ ಪಕ್ಕದಲ್ಲಿ ಕೂತ.

“ನೋವೈತೇನು?”

“ಇಲ್ರಿ ಅಜ್ಜಾರ.”

“ಮತ್ತ ಬಟ್ಟಿ?”

ಅಡಿವೆಪ್ಪ ಬಟ್ಟೆಯ ಗಂಟು ಸವರಿದ. “ಹಬಿ ಕಂಡ್ರ ಕೈ ಹಿಂದಕ್ಕ ಬರ್ತಿತ್ರಿ. ಇವತ್ತು, ನಾಳೆ ಅಂತ ದಿನ ಹೋದ್ವು. ಈಗ ಬಿಚ್ಚಿದ್ರ, ಇಷ್ಟು ದಿನ ನಾಟಕ ಮಾಡಿದ ಅಂತಾರ್ರಿ.”

ಅಜ್ಜ ಕೈ ಚಾಚಿದ. “ನನ್ನ ಹಿಡಿಬಟ್ಟಿ ಸುಟ್ಟು ತೂತಾಗೈತಿ. ನಿನ್ನ ಕೈಬಟ್ಟಿ ಕೊಡಿಲ್ಲಿ,” ಎಂದ.

ಗುರು ಕೇಳಿದ್ದಕ್ಕೆ ಇಲ್ಲವೆನ್ನುವ ಅಭ್ಯಾಸ ಅಡಿವೆಪ್ಪನಿಗಿರಲಿಲ್ಲ. ಬಿಚ್ಚಿ ಕೊಟ್ಟ. ಅಜ್ಜ ಅದನ್ನು ಪರ್ರನೆ ಎರಡಾಗಿ ಹರಿದು, ಒಂದು ತುಂಡನ್ನು ಅವನ ಕೈಗೇ ಕೊಟ್ಟು ಒಳಗೆ ನಡೆದ.

ಅಡಿವೆಪ್ಪ ಹಿಂದೆಯೇ ಹೋದ. ರೊಟ್ಟಿ ಬಡಿಯುತ್ತಿದ್ದ ನೀಲವ್ವ ಅವನ ಕೈಯ ಎಳೆಗೆಂಪು ಚರ್ಮ ನೋಡಿ ಕೇಳಿಯೇಬಿಟ್ಟಳು. “ಎರಡು ತಿಂಗಳೂ ನೋವಿತ್ತೇನೋ ಯಪ್ಪಾ?”

ಅಡಿವೆಪ್ಪ ನಿಂತ. “ಒಂದು ತಿಂಗಳು ನೋವು, ನೀಲವ್ವಾ. ಒಂದು ತಿಂಗಳು ಅಂಜಿಕಿ.”

ಎಂಥ ಗಟ್ಟಿಗ! ಕೊಪ್ಪರಿಗೆ ಎತ್ತುವುದಕ್ಕಿಂತ ಆ ಮಾತು ಎತ್ತುವುದಕ್ಕೇ ಹೆಚ್ಚು ಬಲ ಬೇಕು.

“ಹೋಗು ಮತ್ತ, ಅನ್ನ ಮುದ್ದಿ ಆಗ್ತೈತಿ,” ಎಂದಳು ನೀಲವ್ವ.

ಹಬೆ ಮುಖಕ್ಕೆ ಹೊಡೆಯಿತು. ಅಡಿವೆಪ್ಪ ತನ್ನ ಹಿಡಿ ಹಿಡಿದ.

“ಕೈ ನಡಗಾಕತ್ತೈತ್ರಿ.”

“ನಡಗ್ಲಿ. ಬಿಡಬ್ಯಾಡ.”

ಇಬ್ಬರೂ ಬಾಗಿಸಿದರು. ಗಂಜಿ ಪೂರ್ತಿ ಬಸಿಯಿತು.

ಆಗ ಒಲೆಯ ಬದಿಯಲ್ಲಿ ಅವನಿಗೆ ಒಂದು ಸೌಟು ಕಂಡಿತು, ಹಿಡಿಯ ತುದಿಯವರೆಗೂ ಗಂಜಿ ಮೆತ್ತಿ ಒಣಗಿತ್ತು. ಎರಡು ತಿಂಗಳು ಅಜ್ಜ, ಒಬ್ಬನಿಂದ ಕೊಪ್ಪರಿಗೆ ಬಾಗಿಸಲಾಗದೆ, ಸೌಟು ಸೌಟಾಗಿ ಗಂಜಿ ತೋಡಿದ್ದ. ಊಟ ತಡವಾದದ್ದು ಅದಕ್ಕೆ. ಅಡಿವೆಪ್ಪನ ಕಣ್ಣು ತುಂಬಿತು.

“ಇನ್ನೊಬ್ಬರನ್ನ ಕರಕೋಬಾರದಿತ್ತೇನ್ರಿ ಅಜ್ಜಾರ?”

ಅಜ್ಜ ಸೌಟು ತೊಳೆದು ಗೂಟಕ್ಕೆ ಸಿಕ್ಕಿಸಿದ.

“ಕರಕೊಂಡಿದ್ರ, ಇವತ್ತ ಅವನನ್ನ ಎಲ್ಲಿಗೆ ಕಳಿಸ್ಲೋ?”