ಸೌಟಿನ ಓಣಿ

ವಿಸ್ಲಾ ನದಿಯ ದಂಡೆಯಲ್ಲಿರುವ ಯಾಸ್ನೊಗ್ರೂಡ್ ಪೋಲೆಂಡ್ ದೇಶದ ಹಳೆಯ ಊರುಗಳಲ್ಲಿ ಒಂದು. ನಮ್ಮ ನಾಡಿನಿಂದ ಇಲ್ಲಿಗೆ ಬರುವವರನ್ನು ಸಂಜೆಯ ಹೊತ್ತು ಊರು ತೋರಿಸುತ್ತ, ಅಲ್ಲಲ್ಲಿ ನಿಲ್ಲಿಸಿ ತಿನ್ನಿಸುತ್ತ ಕರೆದೊಯ್ಯುವುದು ಬಹಳ ವರ್ಷಗಳಿಂದ ನನ್ನ ಕೆಲಸ. ನಗರಸಭೆಯ ಗಡಿಯಾರದ ಕೆಳಗೆ ಎಲ್ಲರೂ ಸೇರುತ್ತೇವೆ. ಚೌಕದ ಮೂಲೆಯಲ್ಲಿ ಪಿಯೆರೊಗಿ ಎಂಬ ಬೇಯಿಸಿದ ಕಡುಬು, ಸೇತುವೆಯ ಬಳಿ ಕೆಂಡದ ಮೇಲೆ ಸುಟ್ಟ ಕುರಿಹಾಲಿನ ಚೀಸ್, ಅದರ ಮೇಲೊಂದು ಚಮಚ ಹುಳಿಹಣ್ಣಿನ ಜಾಮ್. ಬಿಸಿಯಿದ್ದಾಗ ತಿನ್ನಿ ಎಂದು ಬಾಯಿ ನೋಯುವಷ್ಟು ಹೇಳುತ್ತೇನೆ. ಆದರೂ ಕಡುಬು ತಣ್ಣಗಾಗುವ ತನಕ ಅದರ ಫೋಟೋ ತೆಗೆಯುವವರೇ ಹೆಚ್ಚು. ‘ಇದರಾಗ ಮಾಂಸ ಇಲ್ಲಲ್ರಿ ಅಕ್ಕಾರ?’ ಎಂಬ ಪ್ರಶ್ನೆಗೆ ಪ್ರತಿ ಅಂಗಡಿಯ ಮುಂದೆಯೂ ಉತ್ತರ ಕೊಡುತ್ತ, ದೀಪ ಹತ್ತುವ ಹೊತ್ತಿಗೆ ನದಿಯ ಕಡೆಗೆ ಇಳಿಯುವ ಒಂದು ಸಣ್ಣ ಓಣಿಗೆ ಬಂದು ನಿಲ್ಲುತ್ತೇನೆ. ಕೊಡೆ ಹಿಡಿದ ಇಬ್ಬರು ಎದುರುಬದುರಾದರೆ ಒಬ್ಬರು ಕೊಡೆ ಮಡಚಲೇಬೇಕು, ಅಷ್ಟು ಇಕ್ಕಟ್ಟು. ಇಲ್ಲಿಯ ಪ್ರತಿ ಮನೆಯ ಬಾಗಿಲ ಮೇಲೆ ಮರದ ಸೌಟೊಂದನ್ನು, ಅದರ ಬಾಯಿ ಮೇಲೆ ಮಾಡಿ, ಮೊಳೆಗೆ ಸಿಕ್ಕಿಸಿದ್ದಾರೆ. ಗೋಡೆಯ ನೀಲಿ ಫಲಕದ ಮೇಲೆ ಇರುವ ಹೆಸರನ್ನು ಕನ್ನಡದಲ್ಲಿ ಹೇಳಿದರೆ ‘ಸೌಟಿನ ಓಣಿ’ ಎಂದಾಗುತ್ತದೆ.

ಸೌಟು ಕೆತ್ತುವವರು ಇದ್ದರೇನೋ ಎಂದು ಬಂದವರೆಲ್ಲ ಊಹಿಸುತ್ತಾರೆ. ದಾವಣಗೆರೆಯ ಯಜಮಾನರೊಬ್ಬರು ಇಲ್ಲಿ ಸೌಟಿನ ಸಂತೆ ಕೂಡುತ್ತಿತ್ತು ಎಂದು, ತಾವೇ ಆ ಸಂತೆ ಮಾಡಿ ಬಂದವರ ಹಾಗೆ, ಉಳಿದವರಿಗೆ ವಿವರಿಸಿಯೂ ಬಿಟ್ಟಿದ್ದರು. ಸಂಗತಿ ಅದಲ್ಲ. ನಾನು ಗದಗಿನಿಂದ ಈ ಓಣಿಯ ಒಂದು ಮನೆಗೆ ಸೊಸೆಯಾಗಿ ಬಂದವಳು. ಹೆಸರಿನ ಹಿಂದಿನ ಕಥೆಯನ್ನು ನನಗೆ ಹೇಳಿದವರು ನನ್ನ ಅತ್ತೆ ಗೆನೊವೇಫಾ. ಅವರು ಹೇಳಿದ್ದು ಪೋಲಿಷ್ ಭಾಷೆಯಲ್ಲಿ. ನನ್ನ ಬಾಯಿಗೆ ಬಂದ ಮೇಲೆ ಮಾತ್ರ ಕಥೆಯ ಹೆಂಗಸರೆಲ್ಲ ಗದಗಿನ ಮಾತು ಆಡತೊಡಗಿದ್ದಾರೆ. ಎಷ್ಟು ಪ್ರಯತ್ನಿಸಿದರೂ ಅವರನ್ನು ಬೇರೆ ರೀತಿ ಮಾತಾಡಿಸಲು ನನಗೆ ಬರುವುದಿಲ್ಲ.

ಹಿಂದೆ ಒಮ್ಮೆ, ರೈಲುದಾರಿ ಇನ್ನೂ ಬಾರದ ಕಾಲದಲ್ಲಿ, ಕಾಡಿನ ಮರವೆಲ್ಲ ಸಮುದ್ರದ ಬಂದರಿಗೆ ಹೋಗುತ್ತಿದ್ದದ್ದು ಈ ನದಿಯ ಮೇಲೆಯೇ. ದಿಮ್ಮಿಗಳನ್ನು ಒಂದಕ್ಕೊಂದು ಬಿಗಿದು ತೆಪ್ಪ ಮಾಡಿ, ಅದರ ಮೇಲೆಯೇ ಉಂಡು ಮಲಗಿ ಸಾಗುವ ಗಂಡಸರು ಯಾಸ್ನೊಗ್ರೂಡಿನಲ್ಲಿ ಒಂದು ರಾತ್ರಿ ತಂಗುತ್ತಿದ್ದರು. ಅವರಿಗೆ ಊಟ ಹಾಕುತ್ತಿದ್ದವಳು ಪೆಟ್ರೊನೆಲಾ ಎಂಬ ವಿಧವೆ. ಓಣಿಯ ಕೊನೆಯಲ್ಲಿ, ನೀರಿಗೆ ಮುಖ ಮಾಡಿದ ಮನೆಯಲ್ಲಿ ಆಕೆಯ ಖಾನಾವಳಿ ಇತ್ತು. ಆಕೆ ಮಾಡುತ್ತಿದ್ದದ್ದು ಝೂರೆಕ್ ಎಂಬ ಹುಳಿ ಸಾರು. ರೈ ಎಂಬ ಧಾನ್ಯದ ಹಿಟ್ಟನ್ನು ನೀರಿನಲ್ಲಿ ಕಲಸಿ, ಬೆಳ್ಳುಳ್ಳಿ ಜಜ್ಜಿ ಹಾಕಿ, ಒಲೆಯ ಪಕ್ಕದ ಬೆಚ್ಚಗಿನ ಮೂಲೆಯಲ್ಲಿಟ್ಟರೆ ಕೆಲವು ದಿನಗಳಲ್ಲಿ ಅದು ಹುಳಿಯೇಳುತ್ತದೆ. ಅದನ್ನು ಕುದಿಸಿದರೆ ಸಾರು. ಹುಳಿಯನ್ನು ಪೂರ್ತಿ ಖಾಲಿ ಮಾಡುವಂತಿಲ್ಲ. ತಳದಲ್ಲಿ ಒಂದಿಷ್ಟು ಉಳಿಸಿ, ಅದಕ್ಕೇ ಮತ್ತೆ ಹಿಟ್ಟು ನೀರು ಕೂಡಿಸಬೇಕು. ನಾವು ಮೊಸರಿಗೆ ಹೆಪ್ಪು ಉಳಿಸಿದ ಹಾಗೆಯೇ. ಪೆಟ್ರೊನೆಲಾಳ ಮಣ್ಣಿನ ಗಡಿಗೆಯಲ್ಲಿದ್ದ ಹುಳಿ ಅವಳ ಅತ್ತೆಯದು, ಆ ಅತ್ತೆಗೆ ಅವಳ ಅತ್ತೆಯಿಂದ ಬಂದದ್ದು. ಗಡಿಗೆಯ ಒಳಮೈಯನ್ನು ಯಾರೂ ಒಮ್ಮೆಯೂ ತೊಳೆದಿರಲಿಲ್ಲ ಎನ್ನುತ್ತಾರೆ.

ಓಣಿಯಲ್ಲಿ ಯಾರ ಮನೆಯ ಹುಳಿ ಕೆಟ್ಟರೂ, ಯಾರು ಹೊಸದಾಗಿ ಒಲೆ ಹೂಡಿದರೂ, ಪಾತ್ರೆ ಹಿಡಿದುಕೊಂಡು ಬರುತ್ತಿದ್ದದ್ದು ಪೆಟ್ರೊನೆಲಾಳ ಬಾಗಿಲಿಗೇ. ಆಕೆ ಇಲ್ಲ ಎಂದವಳಲ್ಲ. ಒಂದು ಸೌಟು ಹಾಕಿ ಕಳಿಸುತ್ತಿದ್ದಳು. ಪಡೆದವರು ಒಂದು ಒಳ್ಳೆಯ ಮಾತನ್ನೂ ಆಡದೆ, ತಿರುಗಿಯೂ ನೋಡದೆ ನಡೆದುಬಿಡುತ್ತಿದ್ದರು. ಅದು ಸೊಕ್ಕಲ್ಲ, ಇಲ್ಲಿಯ ಪದ್ಧತಿ. ಹುಳಿ ಕೊಟ್ಟವರಿಗೆ, ಸಸಿ ಕೊಟ್ಟವರಿಗೆ ಉಪಕಾರವಾಯಿತು ಎಂದು ಹೇಳಬಾರದು. ಹೇಳಿದರೆ ಹುಳಿ ಏಳುವುದಿಲ್ಲ, ಸಸಿ ಚಿಗುರುವುದಿಲ್ಲ ಎಂಬ ನಂಬಿಕೆ ಈ ಊರಿನಲ್ಲಿ ಇಂದಿಗೂ ಇದೆ. ಹೀಗಾಗಿ ಆ ಓಣಿಯ ಮನೆಮನೆಯಲ್ಲೂ ಪೆಟ್ರೊನೆಲಾಳಿಗೆ ಹೇಳದೆ ಉಳಿದ ಮಾತೊಂದು ಇತ್ತು.

ಪೆಟ್ರೊನೆಲಾಳ ಒಬ್ಬನೇ ಮಗ ಮಾಚೆಯ್ ತೆಪ್ಪದ ಕೆಲಸಕ್ಕೆ ಹೋದವನು ಉತ್ತರದ ಕಾಡುಸೀಮೆಯಿಂದ ಡೊರೊತಾ ಎಂಬ ಹುಡುಗಿಯನ್ನು ಮದುವೆಯಾಗಿ ಕರೆತಂದ. ಚಳಿಗಾಲ ಕಳೆದು ನದಿಯ ಮಂಜುಗಡ್ಡೆ ಒಡೆದದ್ದೇ ತಡ, ಹೆಂಡತಿಯನ್ನು ತಾಯಿಯ ಬಳಿ ಬಿಟ್ಟು ಮತ್ತೆ ತೆಪ್ಪ ಹತ್ತಿದ. ಡೊರೊತಾ ತಂದಿದ್ದದ್ದು ಒಂದು ಬಟ್ಟೆಯ ಗಂಟು, ಅದರೊಳಗೆ ತನ್ನ ತಾಯಿ ಕೊಟ್ಟ ಹಾಲಿನ ಗಡಿಗೆ. ಅತ್ತೆಯದು ಕಡಿಮೆ ಮಾತು. ಬೀಗದ ಕೈ ಕೊಟ್ಟಳು, ಉಗ್ರಾಣ ಬಿಟ್ಟುಕೊಟ್ಟಳು, ಹುಳಿಯ ಗಡಿಗೆಯನ್ನು ಮಾತ್ರ ಮುಟ್ಟಗೊಡಲಿಲ್ಲ. ‘ಅದನ್ನ ನಿನ್ನ ಕೈಯಾಗ ಇಟ್ಟ ದಿವಸ ನೀ ಈ ಮನಿಯಾಕಿ ಆದಿ ಅಂತ ತಿಳಕೋ’ ಎಂದಿದ್ದಳು. ಆ ದಿನಕ್ಕಾಗಿ ಡೊರೊತಾ ಎಷ್ಟು ಆಸೆಯಿಂದ ಕಾದಿದ್ದಳು ಎಂಬುದು ಪರನಾಡಿನ ಮನೆಗೆ ಸೊಸೆಯಾಗಿ ಹೋದವರಿಗೆ ಗೊತ್ತು, ನಾನು ಬಿಡಿಸಿ ಹೇಳಬೇಕಿಲ್ಲ. ಒಂದು ಸಂಜೆ ಪೀಪಾಯಿ ಮಾಡುವವನ ಹೆಂಡತಿ ಝುಝಾನಾ ಬಂದು, ಒಂದು ಸೌಟು ಹುಳಿ ಹಾಕಿಸಿಕೊಂಡು ತುಟಿ ಬಿಚ್ಚದೆ ಹೋದಳು. ‘ಎಂಥಾ ಹೆಂಗಸ್ರೀ ಅತ್ತಿ ಆಕಿ!’ ಎಂದು ಡೊರೊತಾ ಮುಖ ಗಂಟಿಕ್ಕಿದಾಗ ಪೆಟ್ರೊನೆಲಾ ನಕ್ಕು, ಇಲ್ಲಿಯ ಪದ್ಧತಿಯನ್ನು ತಿಳಿಸಿದ್ದಳು. ಊರಿನ ಉಳಿದ ಪದ್ಧತಿಗಳನ್ನೂ ಅಂದೇ ತಿಳಿಸಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ.

ಈಸ್ಟರ್ ಹಬ್ಬದ ಮೊದಲು ಇಲ್ಲಿಯವರಿಗೆ ದೀರ್ಘವಾದ ಉಪವಾಸ. ಮಾಂಸವಿಲ್ಲ, ಬೆಣ್ಣೆಯಿಲ್ಲ; ದಿನವೂ ಹುಳಿ ಸಾರು, ದಿನವೂ ಹುಳಿ ಸಾರು. ಉಪವಾಸ ಮುಗಿಯುತ್ತ ಬಂದು ಶುಭ ಶುಕ್ರವಾರದ ಹೊತ್ತಿಗೆ ಸಾರಿನ ಹೆಸರೆತ್ತಿದರೆ ಸಾಕು, ಜನ ಓಡಿಹೋಗುವಂತಾಗಿರುತ್ತದೆ. ಅದಕ್ಕೇ ಆ ದಿನ ಹುಳಿ ಸಾರನ್ನು ‘ಮಣ್ಣು ಮಾಡುವ’ ಒಂದು ತಮಾಷೆಯ ಆಚರಣೆ ಹಿಂದೆ ಇತ್ತು. ಮನೆಗೊಬ್ಬರು ಬಟ್ಟೆ ಹೊದಿಸಿದ ಗಡಿಗೆಯನ್ನು ಹೊತ್ತು, ಸುಳ್ಳುಸುಳ್ಳೇ ಅಳುತ್ತ ನದಿಯ ದಂಡೆಗೆ ಹೋಗಿ, ಅದನ್ನು ಒಡೆದು ಕುಣಿಯಲ್ಲಿ ಹೂತು ನಗುತ್ತ ಬರುತ್ತಿದ್ದರು. ಯಾಸ್ನೊಗ್ರೂಡಿನವರು ಒಯ್ಯುತ್ತಿದ್ದದ್ದು ಬಿರುಕುಬಿಟ್ಟ ಹಳೆಯ ಗಡಿಗೆ, ಅದರಲ್ಲಿ ಬೂದಿ ಮತ್ತು ಮಿಕ್ಕ ಸಾರು. ಡೊರೊತಾಳ ಕಾಡುಸೀಮೆಯಲ್ಲಿ ಹಾಗಲ್ಲ. ಅಲ್ಲಿ ನಿಜವಾದ ಹುಳಿ ಗಡಿಗೆಯನ್ನೇ ಹೂತು, ಹಬ್ಬದ ಮೇಲೆ ಹೊಸ ಹುಳಿ ಹಾಕುತ್ತಾರೆ. ಹೊತ್ತೊಯ್ಯುವ ಗೌರವ ಮನೆಯ ಕಿರಿಯ ಸೊಸೆಗೆ. ಆ ಶುಕ್ರವಾರ ಪೆಟ್ರೊನೆಲಾ ಬೆಳಿಗ್ಗೆಯೇ ಪ್ರಾರ್ಥನೆಗೆಂದು ಇಗರ್ಜಿಗೆ ಹೋಗಿದ್ದಳು. ಓಣಿಯ ಜನ ಗಡಿಗೆ ಹೊತ್ತು ಹೊರಟದ್ದನ್ನು ಡೊರೊತಾ ಕಿಟಕಿಯಿಂದ ಕಂಡಳು. ತಮ್ಮ ಮನೆಯದೊಂದೇ ಉಳಿಯಬಾರದು, ಅತ್ತೆಗೆ ಮಾತು ಬರಬಾರದು ಎಂದು, ಮುಟ್ಟಬಾರದೆಂಬುದನ್ನು ಆ ದಿನದ ಮಟ್ಟಿಗೆ ಬದಿಗಿಟ್ಟು, ಅವಸರದಿಂದ ಮೂಲೆಯ ದೊಡ್ಡ ಗಡಿಗೆಯನ್ನು ಎತ್ತಿ ಸೊಂಟದ ಮೇಲಿಟ್ಟುಕೊಂಡಳು. ಮೇಲೆ ಬಟ್ಟೆ ಇದ್ದುದರಿಂದ ಯಾರಿಗೂ ಗುರುತು ಹತ್ತಲಿಲ್ಲ. ಎಲ್ಲರಿಗಿಂತ ಚೆನ್ನಾಗಿ ಅತ್ತಳು, ಎಲ್ಲರಿಗಿಂತ ಜೋರಾಗಿ ಒಡೆದಳು.

ಪೆಟ್ರೊನೆಲಾ ಮನೆಗೆ ಬಂದಾಗ ಒಲೆಯ ಪಕ್ಕದ ನೆಲದ ಮೇಲೆ ಗಡಿಗೆ ಇದ್ದ ಜಾಗದಲ್ಲಿ ಬಿಳಿಯ ಸುತ್ತೊಂದು ಮಾತ್ರ ಉಳಿದಿತ್ತು. ‘ಗಡಿಗಿ ಎಲ್ಲೆವಾ?’ ಎಂದು ಕೇಳಿದಳು. ‘ಮಣ್ಣು ಮಾಡಿ ಬಂದೆರೀ ಅತ್ತಿ’ ಎಂದ ಡೊರೊತಾಳ ಮುಖದಲ್ಲಿ ಇನ್ನೂ ಹಬ್ಬದ ನಗು. ಆ ನಗು ಅಲ್ಲೇ ಇಂಗಿತು. ಅತ್ತೆ ಮಣೆಯ ಮೇಲೆ ಕುಸಿದು ಕೂತು, ಆ ಬಿಳಿಯ ಸುತ್ತನ್ನೇ ನೋಡುತ್ತ, ‘ನಮ್ಮತ್ತಿ ಸಾಯೂ ಮುಂದ ಅದನ್ನ ನನ್ನ ಕೈಯಾಗ ಇಟ್ಟಿದ್ದಳು. ಇನ್ನ ನಾ ಯಾರ ಕೈಯಾಗ ಏನ ಇಡ್ಲಿ?’ ಎಂದಳು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದಳು. ಡೊರೊತಾ ನದಿಗೆ ಓಡಿ ಕೈಯಿಂದಲೇ ಕುಣಿ ತೋಡಿದಳು. ಸಿಕ್ಕಿದ್ದು ಒಡೆದ ಗಡಿಗೆಯ ಬೋಕಿಬಿಲ್ಲೆ ಮಾತ್ರ, ಹುಳಿಯನ್ನೆಲ್ಲ ಮಣ್ಣು ಕುಡಿದುಬಿಟ್ಟಿತ್ತು. ಈ ಮನೆಯವಳಾಗುವ ದಾರಿಯನ್ನು ತನ್ನ ಕೈಯಾರೆ ಒಡೆದೆ, ಇನ್ನು ಇಲ್ಲಿ ತನಗೇನು ಉಳಿಯಿತು ಎಂದುಕೊಂಡು, ತಾಯಿಯ ಹಾಲಿನ ಗಡಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಗಂಟು ಕಟ್ಟಿದಳು. ಬೆಳಗಾದರೆ ತವರಿನ ದಾರಿ ಹಿಡಿಯುವುದೆಂದು ನಿಶ್ಚಯಿಸಿದಳು.

ಗಂಟನ್ನು ಬಾಗಿಲ ಬಳಿ ಇಡುವಾಗ ಗೋಡೆಯ ಮೇಲಿನ ಹುಳಿ ಸೌಟು ಕಣ್ಣಿಗೆ ಬಿತ್ತು. ಝುಝಾನಾಳ ಪಾತ್ರೆಗೆ ಅತ್ತೆ ಅದರಿಂದಲೇ ಹಾಕಿದ್ದು ನೆನಪಾಯಿತು. ಡೊರೊತಾ ನೇರವಾಗಿ ಅವಳ ಮನೆಗೆ ಹೋಗಿ, ನಡೆದದ್ದನ್ನು ಒಂದೂ ಮುಚ್ಚದೆ ಹೇಳಿ, ಹುಳಿ ಬೇಡಿದಳು. ಝುಝಾನಾ ತನ್ನ ಹುಳಿ ಗಡಿಗೆಯ ಕಡೆ ನೋಡಿ ತಲೆಯಾಡಿಸಿದಳು. ‘ಇವತ್ತು ಹುಳಿ ಹೊಸ್ತಿಲಾ ದಾಟಂಗಿಲ್ಲ ತಂಗಿ. ಇಂಥಾ ದಿವಸ ಕೊಟ್ರ ಮನಿ ಐಸಿರಿ ಅದರ ಬೆನ್ನ ಹತ್ತಿ ಹೋಗತೈತಿ’ ಎಂದಳು. ನಮ್ಮಲ್ಲೂ ಶುಕ್ರವಾರ ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಉಪ್ಪು ಕೊಡುವುದಿಲ್ಲವಲ್ಲ, ಅದೇ ಬಗೆ. ಡೊರೊತಾ ವಾದ ಮಾಡಲಿಲ್ಲ. ‘ಖರೆ ಐತ್ರಿ. ನಾಳೆ ನಾ ಇಲ್ಲಿ ಇರಂಗಿಲ್ಲ. ಹಬ್ಬ ಮುಗದ ಮ್ಯಾಲೆ ನಮ್ಮತ್ತಿಗೆ ನೀವಾ ಒಂದು ಸೌಟು ಒಯ್ದು ಕೊಡ್ರಿ. ಆಕಿ ತಾನಾಗಿ ಕೇಳಾಕಿ ಅಲ್ಲ’ ಎಂದು ಹೇಳಿ ಮುಂದಿನ ಮನೆಗೆ ನಡೆದಳು. ಅಲ್ಲಿಯೂ ಅದೇ ಉತ್ತರ. ಅವಳೂ ಅದೇ ಮಾತು. ಓಣಿಯ ಎರಡೂ ಸಾಲು ಮುಗಿಸಿ ಬರಿಗೈಯಲ್ಲಿ ಹಿಂದಿರುಗಿದಳು. ಕೈ ಬರಿದಾಗಿದ್ದರೂ, ಅತ್ತೆಗೆ ಹುಳಿ ಬರುವ ದಾರಿಯನ್ನು ಮಾಡಿಟ್ಟು ಬಂದಿದ್ದಳು. ಸ್ವಂತಕ್ಕೆ ಏನನ್ನೂ ಕೇಳದ ಆ ಮಾತು ಓಣಿಯ ಹೆಂಗಸರನ್ನು ಒಳಗೆ ಕೂರಗೊಡಲಿಲ್ಲ ಎನ್ನುತ್ತಾರೆ.

ದೀಪ ಹತ್ತುವ ಹೊತ್ತಿಗೆ ಖಾನಾವಳಿಯ ಬಾಗಿಲು ತೆರೆಯಿತು. ಎದುರಿಗೆ ಝುಝಾನಾ. ಅವಳ ಕೈಯಲ್ಲಿ ಅವಳ ಮನೆಯ ಸೌಟು, ಸೌಟಿನ ತುಂಬ ಹುಳಿ, ಗಾಳಿಗೆ ಧೂಳು ಬೀಳದಂತೆ ಅದರ ಮೇಲೆ ಅಡ್ಡ ಹಿಡಿದ ಅಂಗೈ. ಅವಳ ಬೆನ್ನಿಗೆ ಮತ್ತೊಬ್ಬಳು, ಆಚೆ ಇನ್ನೊಬ್ಬಳು. ಓಣಿಯ ಉದ್ದಕ್ಕೂ ಸೌಟು ಹಿಡಿದ ಹೆಂಗಸರು, ತುಳುಕೀತೆಂದು ಸಣ್ಣಸಣ್ಣ ಹೆಜ್ಜೆಯಿಡುತ್ತ ಬರುತ್ತಿದ್ದರು. ‘ನಾ ಏನೂ ಕೊಡಾಕ ಬಂದಿಲ್ಲ ಪೆಟ್ರೊನೆಲವ್ವ’ ಎಂದು ಝುಝಾನಾ ಮೊದಲೇ ಹೇಳಿಬಿಟ್ಟಳು. ‘ನನ್ನ ಸೌಟು, ನನ್ನ ಕೈ. ನೀ ಕೆಳಗ ಒಂದು ಗಡಿಗಿ ಇಟ್ಟು, ಅದರ ಮ್ಯಾಲೆ ನನ್ನ ಕೈ ತುಳುಕಿತಂದ್ರ ಅದಕ್ಕ ನಾ ಏನ ಮಾಡ್ಲಿ?’ ಪೆಟ್ರೊನೆಲಾ ಎದ್ದು ನಿಂತಳು. ಇಡಲು ಗಡಿಗೆ ಎಲ್ಲಿತ್ತು? ಸುತ್ತ ನೋಡಿದಳು, ಬಾಗಿಲ ಬಳಿಯ ಗಂಟು ಕಂಡಿತು. ಸೊಸೆ ಏನು ನಿಶ್ಚಯಿಸಿದ್ದಾಳೆ ಎಂಬುದು ಆಕೆಗೆ ತಿಳಿದದ್ದೇ ಆಗ. ನೆಲದ ಮೇಲೆ ಕೂತು, ಬಿಗಿಯಾಗಿ ಕಟ್ಟಿದ್ದ ಆ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಡೊರೊತಾಳ ತಾಯಿಯ ಹಾಲಿನ ಗಡಿಗೆಯನ್ನು ಹೊರತೆಗೆದು ಒಲೆಯ ಪಕ್ಕದ ಬಿಳಿಯ ಸುತ್ತಿನ ಮೇಲೆ ಇಟ್ಟಳು. ಒಬ್ಬೊಬ್ಬರಾಗಿ ಎಲ್ಲರ ಕೈಯೂ ಅದರ ಮೇಲೆ ತುಳುಕಿತು. ಅದು ಬೇರೆ ಯಾವ ಮನೆಯದೂ ಅಲ್ಲ, ಪೆಟ್ರೊನೆಲಾಳ ಮನೆಯದೇ ಹುಳಿ, ಓಣಿಯೆಲ್ಲ ಸುತ್ತಿ ತಿರುಗಿ ಬಂದದ್ದು.

ಗಡಿಗೆ ತುಂಬಿದ ಮೇಲೆ ಪೆಟ್ರೊನೆಲಾ ಅದನ್ನು ಎರಡೂ ಕೈಯಿಂದ ಎತ್ತಿ ಸೊಸೆಯ ಕೈಯಲ್ಲಿ ಇಟ್ಟಳು. ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡ ಆ ಮುಖವನ್ನು ಕಂಡು ಡೊರೊತಾ ಏನೋ ಹೇಳಲು ಬಾಯಿ ತೆರೆದಳು. ಅತ್ತೆ ಥಟ್ಟನೆ ಅವಳ ಬಾಯಿಯ ಮೇಲೆ ಅಂಗೈ ಇಟ್ಟಳು. ‘ಹೇಳಬ್ಯಾಡ. ಹೇಳಿದ್ರ ಹುಳಿ ಏಳಂಗಿಲ್ಲ.’

ಹಬ್ಬದ ಬೆಳಿಗ್ಗೆ ಗಡಿಗೆಯ ಬಾಯಲ್ಲಿ ಗುಳ್ಳೆ ಎದ್ದಿದ್ದವು. ಆ ವರ್ಷದಿಂದ ಓಣಿಯವರು ತಂತಮ್ಮ ಸೌಟನ್ನು ಬಾಗಿಲ ಮೇಲೆ ಬಾಯಿ ಮೇಲೆ ಮಾಡಿ ಸಿಕ್ಕಿಸತೊಡಗಿದರು, ತುಂಬಿದ ಸೌಟನ್ನು ಹಿಡಿಯುವ ಹಾಗೆ. ಅಂದಿನಿಂದ ಅದು ಸೌಟಿನ ಓಣಿ. ಖಾನಾವಳಿ ಇಂದಿಗೂ ಅಲ್ಲೇ ಇದೆ. ಅದರ ಗೂಡಿನಲ್ಲಿ ಗಾಜಿನ ಹಿಂದೆ ಹಾಲಿನ ಗಡಿಗೆಯೊಂದನ್ನು ಇಟ್ಟಿದ್ದಾರೆ. ಅದು ಡೊರೊತಾಳದೇ ಎಂದು ನಾನು ಆಣೆ ಮಾಡಿ ಹೇಳಲಾರೆ. ನಮ್ಮ ನಡಿಗೆ ಮುಗಿಯುವುದು ಅಲ್ಲಿ, ಆಲೂಗಡ್ಡೆ ಮತ್ತು ಅಣಬೆ ಹಾಕಿದ ಉಪವಾಸದ ಝೂರೆಕ್ ಜೊತೆ. ಹೌದು, ಮಾಂಸ ಇಲ್ಲ. ಬಡಿಸಿದವರಿಗೆ ಥ್ಯಾಂಕ್ಸ್ ಹೇಳಬಾರದು ಎಂದು ಒಳಗೆ ಹೋಗುವ ಮೊದಲೇ ಎಚ್ಚರಿಸಿರುತ್ತೇನೆ. ನಮ್ಮ ಜನಕ್ಕೆ ಅದು ಬಲು ಕಷ್ಟ. ಆ ದಾವಣಗೆರೆಯ ಯಜಮಾನರು ಬಟ್ಟಲು ಬರಿದು ಮಾಡಿ, ಏನು ಮಾಡಬೇಕೆಂದು ತೋಚದೆ, ಬಡಿಸಿದ ಹುಡುಗಿಗೆ ಎದ್ದು ನಿಂತು ಕೈಮುಗಿದರು. ಅವಳು ನಕ್ಕು ಇನ್ನೊಂದು ಸೌಟು ಹಾಕಿದಳು.

ಹೊರಗೆ ಬಂದು ತಲೆಯೆತ್ತಿ ನೋಡಿದರೆ ಎಡಗಡೆಯ ಹಸಿರು ಬಾಗಿಲ ಮೇಲೆ ಹಿಡಿಕೆ ಸವೆದ ಸೌಟೊಂದು ಕಾಣುತ್ತದೆ. ಅದು ನಮ್ಮ ಮನೆಯದು. ಈ ಕಥೆಯನ್ನು ಹೇಳಿ ಮುಗಿಸಿದ ಸಂಜೆ ಅತ್ತೆ ಗೆನೊವೇಫಾ ಅದೇ ಸೌಟಿನಿಂದ ನನ್ನ ಪಾತ್ರೆಗೆ ಹುಳಿ ಹಾಕಿದ್ದರು. ಅವರು ತೀರಿಕೊಂಡು ಬಹಳ ಕಾಲವಾಯಿತು. ನಾನು ಅವರಿಗೆ ಹೇಳಬೇಕಾದದ್ದನ್ನು ಕೊನೆಯವರೆಗೂ ಹೇಳಲಿಲ್ಲ. ಇಂದು ಬೆಳಿಗ್ಗೆಯೂ ಹುಳಿ ಎದ್ದಿತ್ತು.