ರಾಟೆ ನಿಂತ ಬೆಳಿಗ್ಗೆ

“ಬುದ್ಧಿ, ನನ್ನ ಬೆನ್ನಿಗೆ ಇನ್ನೆಷ್ಟು ದಿನ ಉಳಿದಿದೆ?”

ಪುಟ್ಟಮಾದಪ್ಪ ಸ್ಕ್ಯಾನ್ ವರದಿಯನ್ನು ಮಠದ ಗುರುಗಳ ಮುಂದಿಟ್ಟ. ಬೆನ್ನುಮೂಳೆಗಳ ನಡುವಿನ ಡಿಸ್ಕ್ ಒಣಗಿದೆ, ಸವೆದಿದೆ, ಅಂಚು ಉಬ್ಬಿದೆ ಎಂದು ಅದರಲ್ಲಿತ್ತು. ವಯಸ್ಸಿಗೆ ತಕ್ಕ ಸವೆತ ಎಂದೂ ಕೊನೆಯಲ್ಲಿ ಬರೆದಿತ್ತು. ಅವನಿಗೆ ಐವತ್ತೈದು. ವರದಿ ಬಂದಂದಿನಿಂದ ಅವನು ಬಿಂದಿಗೆ ಎತ್ತಿರಲಿಲ್ಲ, ಗುರುಗಳಿಗೆ ಬಾಗಿ ನಮಸ್ಕರಿಸಿಯೂ ಇರಲಿಲ್ಲ.

ಗುರುಗಳು ಕಾಗದವನ್ನು ಮಡಿಸಿ ಹಿಂದಕ್ಕೆ ಕೊಟ್ಟು ಕತೆ ಹೇಳಿದರು.

ಒಬ್ಬ ಹಗ್ಗ ಹೊಸೆಯುವವನಿದ್ದ. ಹೆಂಡತಿ ಕೂತು ರಾಟೆ ತಿರುಗಿಸುವಳು. ಅವನು ನಾರಿನ ಕಂತೆಯನ್ನು ಸೊಂಟಕ್ಕೆ ಕಟ್ಟಿಕೊಂಡು, ನಾರು ಬಿಡುತ್ತ ಹಿಂದಹಿಂದಕ್ಕೆ ನಡೆಯುವನು. ಒಬ್ಬರಿಂದ ಆಗುವ ಕೆಲಸವಲ್ಲ. ಒಮ್ಮೆ ಅವನ ಬೆನ್ನು ಹಿಡಿದುಕೊಂಡಿತು. ಸ್ಕ್ಯಾನ್ ಮಾಡಿಸಿದರೆ ನಿನ್ನ ಕಾಗದದಲ್ಲಿರುವ ಮಾತುಗಳೇ ಬಂದವು. “ಇದು ತಲೆ ನರೆತ ಹಾಗೆ. ನೋವು ಇಳಿಯುತ್ತದೆ, ನಡೆದಾಡು” ಎಂದರು ಡಾಕ್ಟರು. ನೋವು ಇಳಿಯಿತು. ಅವನು ಏಳಲಿಲ್ಲ. ಸವೆದಿದೆ ಎಂಬ ಒಂದು ಮಾತು ಅವನನ್ನು ಚಾಪೆಗೆ ಕಟ್ಟಿಹಾಕಿತ್ತು.

ಹೆಂಡತಿ ಪಕ್ಕದ ಮನೆಯವಳನ್ನು ರಾಟೆಗೆ ಕೂರಿಸಿ, ನಾರನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡಳು. ಮೂರು ತಿಂಗಳು ಹಾಗೇ ಕಳೆಯಿತು. ಕೊನೆಗೆ ಅವನನ್ನು ಮತ್ತೆ ಡಾಕ್ಟರ ಬಳಿ ಕರೆದೊಯ್ದಳು.

“ನೋವೇ ಇಲ್ಲದವರ ಬೆನ್ನೂ ಈ ವಯಸ್ಸಿಗೆ ಹೀಗೇ ಇರುತ್ತದಯ್ಯ” ಎಂದರು ಡಾಕ್ಟರು.

“ಹಾಗಾದರೆ ಇವಳ ಸ್ಕ್ಯಾನನ್ನೂ ತೆಗೆದು ತೋರಿಸಿ. ಇವಳು ಒಂದು ದಿನವೂ ಬೆನ್ನು ನೋವು ಅಂದವಳಲ್ಲ.”

“ತೆಗೀರಿ ಸ್ವಾಮಿ” ಎಂದು ಹೆಂಡತಿ ನಕ್ಕಳು. “ಇವರು ಚಾಪೆ ಬಿಡುವುದಾದರೆ ನನ್ನ ತಲೆಬುರುಡೆಯದನ್ನೂ ತೆಗೀರಿ.”

ಅವಳ ಕಾಗದದಲ್ಲೂ ಅವೇ ಮಾತುಗಳು. ಅವನಿಗೆ ಎರಡು ಕಡೆ ಸವೆದಿತ್ತು, ಅವಳಿಗೆ ಮೂರು ಕಡೆ. ಡಾಕ್ಟರು ಗೆದ್ದವರಂತೆ ಓದಿ ಹೇಳಿದರು. ಗಂಡನ ಎದೆಯ ಭಾರ ಇಳಿಯಿತು. ಹೆಂಡತಿ ದಾರಿಯುದ್ದಕ್ಕೂ ತನ್ನ ಕಾಗದವನ್ನು ಬಿಚ್ಚಿ ಬಿಚ್ಚಿ ನೋಡಿದಳು.

ಮರುದಿನ ಬೆಳಿಗ್ಗೆ ಅವನು ತಾನಾಗಿ ಎದ್ದ. ನಾರು ಕಟ್ಟಿಕೊಂಡು ಅಂಗಳದಲ್ಲಿ ನಿಂತ. ರಾಟೆಯ ಸದ್ದು ಬರಲಿಲ್ಲ. ಒಳಗೆ ಬಂದು ನೋಡಿದರೆ ಅವನ ಚಾಪೆಯ ಮೇಲೆ ಅವಳು ಮಗ್ಗುಲಾಗಿ ಮಲಗಿದ್ದಳು, ಒಂದು ಕೈ ಬೆನ್ನ ಮೇಲೆ.

“ನೋವೇ?” ಎಂದು ಕೇಳಿದ.

“ಇನ್ನೂ ಬಂದಿಲ್ಲ” ಎಂದಳು.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

“ಆಮೇಲೆ ಅವಳು ಎದ್ದಳೇ, ಬುದ್ಧಿ?”

“ಇಲ್ಲ.”

ಪುಟ್ಟಮಾದಪ್ಪ ಕೈಯಲ್ಲಿದ್ದ ಕಾಗದವನ್ನು ನೋಡಿದ. ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಗುರುಗಳೇ ಹೇಳಿದರು:

“ಆ ಒಂದು ರಾತ್ರಿಯಲ್ಲಿ ಅವಳ ಬೆನ್ನಿಗೆ ಏನಾಯಿತು ಎಂದು ನೀನು ಹೇಳು, ನಿನ್ನದಕ್ಕೆ ಎಷ್ಟು ದಿನ ಎಂದು ನಾನು ಹೇಳುತ್ತೇನೆ.”