ಮುಂಗುಸಿಯ ಮುತ್ತಜ್ಜನ ಪೆಟ್ಟಿಗೆ

ಬೆಟ್ಟದ ಬುಡದ ಒಂದು ಕಾಡಿನಲ್ಲಿ ಪ್ರಾಣಿಗಳೆಲ್ಲ ಸೇರಿ ಗವಿಯೊಂದರಲ್ಲಿ ವಸ್ತುಸಂಗ್ರಹಾಲಯ ಮಾಡಿಕೊಂಡಿದ್ದವು. ಹಿರೀಕರು ಬಿಟ್ಟುಹೋದ ಹಳೆಯ ವಸ್ತುಗಳೆಲ್ಲ ಅಲ್ಲಿದ್ದವು. ಎಲ್ಲಕ್ಕಿಂತ ಚೆಂದದ್ದು ಬೀಟೆ ಮರದ ಒಂದು ದೊಡ್ಡ ಪೆಟ್ಟಿಗೆ. ಮುಚ್ಚಳದ ಮೇಲೆ ಬಳ್ಳಿ, ಮುಂದೆ ಕುಣಿಯುವ ನವಿಲು, ಎರಡು ಪಕ್ಕಕ್ಕೂ ಸಾಲು ಸಾಲು ಜಿಂಕೆ. ಕೆತ್ತಿದವರು ಯಾರೋ, ಯಾವ ಕಾಲದವರೋ, ಯಾರಿಗೂ ಗೊತ್ತಿರಲಿಲ್ಲ.

ಗವಿಯನ್ನು ನೋಡಿಕೊಳ್ಳುತ್ತಿದ್ದವಳು ಚಿಪ್ಪುಹಂದಿ ಪುಟ್ಟತಾಯಮ್ಮ. ಗೆದ್ದಲು ಕಂಡರೆ ಸಾಕು, ಉದ್ದ ನಾಲಗೆ ಚಾಚಿ ನೆಕ್ಕಿಬಿಡುತ್ತಿದ್ದಳು. ಹಾಗಾಗಿ ಪೆಟ್ಟಿಗೆಗೆ ಒಂದು ತೂತೂ ಬಿದ್ದಿರಲಿಲ್ಲ.

ಮಳೆಗಾಲ ಹತ್ತಿರವಾಯಿತು. ಮುಂಗುಸಿ ಜವರಪ್ಪನಿಗೆ ಬಿಲ ತೋಡಲು ಸೋಮಾರಿತನ. ಪೆಟ್ಟಿಗೆಯೊಳಗೆ ಬೆಚ್ಚಗೆ ಸಂಸಾರ ಹೂಡುವ ಆಸೆ ಹುಟ್ಟಿತು.

ಒಂದು ಬೆಳಿಗ್ಗೆ ಬಂದು, "ಅಕ್ಕಾ, ಈ ಪೆಟ್ಟಿಗೆ ನಮ್ಮ ಮುತ್ತಜ್ಜನದು. ಕೊಟ್ಟುಬಿಡು" ಎಂದ.

"ನಿನ್ನೆವರೆಗೂ ಇಲ್ಲದ ಮುತ್ತಜ್ಜ ಇವತ್ತು ಎಲ್ಲಿಂದ ಬಂದನಪ್ಪಾ?" ಎಂದಳು ಪುಟ್ಟತಾಯಮ್ಮ.

ಮಾರನೆಯ ದಿನ, ಅದು ಮುತ್ತಜ್ಜನ ಮದುವೆಯ ಬಳುವಳಿ ಎಂದ. ಮೂರನೆಯ ದಿನ, ಯುದ್ಧದಲ್ಲಿ ಗೆದ್ದದ್ದು ಎಂದ. ನಾಲ್ಕನೆಯ ದಿನ, ಮುತ್ತಜ್ಜನೇ ಕೆತ್ತಿಸಿದ್ದು ಎಂದ. ಪುಟ್ಟತಾಯಮ್ಮನಿಗೆ ತಲೆ ಚಿಟ್ಟು ಹಿಡಿಯಿತು. ಗುಡಿಸಲೂ ಬಿಡ, ತಿನ್ನಲೂ ಬಿಡ. ಉಂಡೆ ಸುತ್ತಿಕೊಂಡು ಮಲಗಿದರೆ ಚಿಪ್ಪು ತಟ್ಟಿ ಎಬ್ಬಿಸುತ್ತಿದ್ದ.

"ಅಯ್ಯೋ ಮಾರಾಯಾ, ನಿನಗೊಂದು ದೊಡ್ಡ ನಮಸ್ಕಾರ! ಬೇರೆ ಕೆಲಸ ಇಲ್ಲವಾ ನಿನಗೆ?"

"ಇದೆಯಲ್ಲ! ನೀನು ಪೆಟ್ಟಿಗೆ ಕದ್ದವಳು ಅಂತ ಕಾಡಿಗೆಲ್ಲ ಹೇಳೋ ಕೆಲಸ."

ಹೇಳಿಯೂ ಬಿಟ್ಟ. ಕಾಡಿನಲ್ಲಿ ಗುಸುಗುಸು ಎದ್ದಿತು. ದಿನಾ ಮಾತಾಡಿಸುತ್ತಿದ್ದ ಮೊಲಗಳೂ ಮುಖ ತಿರುಗಿಸಿದವು. ಕಳ್ಳಿಯನ್ನು ಗವಿಯಿಂದ ಓಡಿಸಬೇಕೆಂದು ಕೋತಿಗಳು ಕೂಗಿದವು. ಹಿರಿಯ ಆನೆ ಗವಿಯ ಬಾಗಿಲಲ್ಲೇ ಪಂಚಾಯಿತಿ ಕರೆದ.

ಜವರಪ್ಪ ಎದೆ ಸೆಟೆದು ನಿಂತ. "ಆನೆಯಜ್ಜಾ, ಈ ಪೆಟ್ಟಿಗೆಯ ಕೆತ್ತನೆಯೆಲ್ಲ ನಮ್ಮ ಮುತ್ತಜ್ಜನ ಕತೆ. ಈ ನವಿಲು ಅವನ ಮುಂದೆ ಕುಣಿದದ್ದು. ಈ ಜಿಂಕೆಗಳು ಅವನಿಗೆ ಕೈಮುಗಿಯಲು ಬಂದದ್ದು. ಸುಳ್ಳಾದರೆ ನನ್ನ ಬಾಲ ಉದುರಿಹೋಗಲಿ!"

"ಎಲ್ಲ ಕೆತ್ತನೆಯೂ ನಿಮ್ಮವನದೇನಾ?" ಪುಟ್ಟತಾಯಮ್ಮ ಕೇಳಿದಳು.

"ಒಂದೂ ಬಿಡದೆ!"

"ಯೋಚನೆ ಮಾಡಿ ಹೇಳು ತಮ್ಮಾ."

"ಥೂ, ಈ ಮುದುಕಿಗೆ ಎಷ್ಟು ಸಲ ಹೇಳಬೇಕು!"

ಪುಟ್ಟತಾಯಮ್ಮನ ತಾಳ್ಮೆ ಅಲ್ಲಿಗೆ ಮುಗಿಯಿತು. "ಅಜ್ಜಾ, ಪೆಟ್ಟಿಗೆಯ ಹಿಂಬದಿಯನ್ನು ಗೋಡೆಗೆ ಆನಿಸಿಟ್ಟವಳು ನಾನೇ. ಇವನ ಮರಿಗಳು ನೋಡಿ ನೊಂದುಕೊಳ್ಳಬಾರದು ಅಂತ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ನನ್ನ ಕೈಲಾಗದು. ತಿರುಗಿಸಿಬಿಡಿ!"

ಆನೆ ಸೊಂಡಿಲು ಚಾಚಿ ಪೆಟ್ಟಿಗೆಯನ್ನು ತಿರುಗಿಸಿದ.

ಹಿಂಬದಿಯ ಕೆತ್ತನೆಯಲ್ಲಿ ಒಂದು ಮುಂಗುಸಿ ಇತ್ತು. ಕದ್ದ ಮೊಟ್ಟೆಯನ್ನು ಅವುಚಿಕೊಂಡಿತ್ತು. ಕರಡಿಯೊಂದು ಬಾಲ ಹಿಡಿದು ಅದನ್ನು ತಲೆಕೆಳಗಾಗಿ ಎತ್ತಿತ್ತು. ಕಾಡುಕೋಳಿ ಅದರ ನೆತ್ತಿ ಕುಕ್ಕುತ್ತಿತ್ತು. ಅದೇ ಕೆತ್ತನೆಯಲ್ಲಿ ಸುತ್ತ ನಿಂತವರೆಲ್ಲ ಬಾಯಿಬಿಟ್ಟು ನಗುತ್ತಿದ್ದರು.

"ಏನಪ್ಪಾ ಜವರಪ್ಪ, ಇವನೇನಾ ನಿಮ್ಮ ಮುತ್ತಜ್ಜ?" ಆನೆ ಕೇಳಿದ.

"ಅಯ್ಯಯ್ಯೋ, ಅಲ್ಲ! ಇವನ್ಯಾರೋ! ಈ ಪೆಟ್ಟಿಗೆಗೂ ನಮಗೂ ಸಂಬಂಧವೇ ಇಲ್ಲ!"

"ಸರಿ. ನಿನ್ನ ಬಾಯಿಂದಲೇ ಇತ್ಯರ್ಥವಾಯಿತು."

ಮೊಲಗಳು ತಲೆ ತಗ್ಗಿಸಿ ಪುಟ್ಟತಾಯಮ್ಮನ ಕ್ಷಮೆ ಕೇಳಿದವು. ಆನೆ ಪೆಟ್ಟಿಗೆಯನ್ನು ಗವಿಯ ನಡುವೆ ಇಡಿಸಿದ. ನಾಲ್ಕೂ ಬದಿ ಎಲ್ಲರಿಗೂ ಕಾಣಲಿ ಎಂದ. ಒಳ್ಳೆಯವಳ ಮೇಲೆ ಕಳ್ಳತನ ಹೊರಿಸಿದ ತಪ್ಪಿಗೆ ಮಳೆಗಾಲವಿಡೀ ಗವಿ ಗುಡಿಸುವ ಕೆಲಸ ಜವರಪ್ಪನ ಪಾಲಿಗೆ ಬಂತು.

ಗವಿ ನೋಡಲು ಬಂದ ಮರಿಗಳೆಲ್ಲ, "ಮಾವಾ, ತಲೆಕೆಳಗಾಗಿ ನೇತಾಡ್ತಿರೋದು ಯಾರು?" ಎಂದು ಕೇಳುತ್ತಿದ್ದವು. "ಗೊತ್ತಿಲ್ಲ, ಮುಂದಕ್ಕೆ ನಡೀರಿ" ಎಂದು ದಿನಕ್ಕೆ ಇಪ್ಪತ್ತು ಸಲ ಹೇಳಿ ಜವರಪ್ಪ ಸುಸ್ತಾಗುತ್ತಿದ್ದ.

ಒಂದು ದಿನ ಅವನ ಕಿರಿಯ ಮರಿಯೇ ಬಂತು. ಕೆತ್ತನೆಯನ್ನು ನೋಡಿತು. ಅಪ್ಪನನ್ನು ನೋಡಿತು. "ಅಪ್ಪಾ, ಮೂತಿ ನಿನ್ನದೇ ಇದ್ದ ಹಾಗಿದೆಯಲ್ಲಾ!" ಎಂದಿತು.

ನೀತಿ: ಪರರ ಸೊತ್ತಿಗೆ ಸುಳ್ಳು ಹೇಳಿ ಕೈಚಾಚುವವನನ್ನು ಅವನ ಮಾತೇ ಕಟ್ಟಿಹಾಕುತ್ತದೆ, ತಾಳಿಕೊಂಡವರ ಮೌನವನ್ನು ಅಂಜಿಕೆಯೆಂದು ಎಣಿಸಬಾರದು.